ರಮಾಬಾಯಿ ಎರಡು ಸಲ ಕ್ರಿಸ್ತನ ಬಳಿಗೆ ಹೋದರು

ಏಪ್ರಿಲ್ ಬಂತೆಂದರೆ ಪಂಡಿತಾ ರಮಾಬಾಯಿಯವರ ಪೋಸ್ಟರ್‌ಗಳು ಫೋನಿನಲ್ಲಿ ಓಡಾಡಲು ಶುರುವಾಗುತ್ತವೆ. ಅವರು ಹುಟ್ಟಿದ್ದು ಏಪ್ರಿಲ್ 23, ತೀರಿಕೊಂಡದ್ದು ಏಪ್ರಿಲ್ 5. ನಮ್ಮ ಪ್ರಗತಿಪರ ಗೆಳೆಯರ ಪೋಸ್ಟರಿನಲ್ಲಿ ಆಕೆ ಸಂಸ್ಕೃತ ವಿದುಷಿ, ಜಾತಿ ಮೀರಿ ಮದುವೆಯಾದವರು, ವಿಧವೆಯರಿಗೆ ಶಾಲೆ ತೆರೆದವರು. ಕ್ರೈಸ್ತರಾದರು ಅನ್ನೋದು ಕೊನೆಯ ಸಾಲಿನಲ್ಲಿ, ಸ್ವಲ್ಪ ಮುಜುಗರದಿಂದ ಬರುತ್ತದೆ. ಆ ಕಡೆಯವರ ಫಾರ್ವರ್ಡ್‌ನಲ್ಲಿ ಇರೋದೇ ಆ ಒಂದು ಸಾಲು, ಮಿಕ್ಕಿದ್ದೆಲ್ಲ ಮಾಯ.

ನನ್ನ ತಕರಾರು ಎರಡೂ ಕಡೆಯವರ ಮೇಲಿದೆ. ರಮಾಬಾಯಿಯವರ ಬದುಕಿನಿಂದ ನಂಬಿಕೆಯನ್ನು ಕತ್ತರಿಸಿ ತೆಗೆದರೆ 1897ರ ನಂತರ ಅವರು ಮಾಡಿದ ಕೆಲಸ ಅರ್ಥವೇ ಆಗುವುದಿಲ್ಲ. ಹಾಗಂತ ಆ ನಂಬಿಕೆ ಒಂದು ದಿನದ ದೀಕ್ಷಾಸ್ನಾನದಲ್ಲಿ ಬಂದು ಕೂತದ್ದೂ ಅಲ್ಲ. ಬಂತು, ಒಣಗಿತು, ಮತ್ತೆ ಚಿಗುರಿತು. ನಡುವೆ ಎಂಟು ವರ್ಷ ಹಿಡಿಯಿತು.

ಇದು ನಮ್ಮ ಮಲೆನಾಡಿನಿಂದಲೇ ಶುರುವಾಗುವ ಕತೆ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು ಅನ್ನೋದೇ ಅವರ ಅಪರಾಧ. ಊರಿನವರ ವಿರೋಧ ಕಟ್ಟಿಕೊಂಡು ತುಂಗೆ, ಭದ್ರೆ ಹುಟ್ಟುವ ಗಂಗಾಮೂಲದ ಕಾಡಿಗೆ ಹೋಗಿ ಮನೆ ಮಾಡಿದರು. ರಮಾ ಹುಟ್ಟಿದ್ದು ಅಲ್ಲಿ, 1858ರಲ್ಲಿ. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕೈಯಲ್ಲಿದ್ದ ಹಣ ಮುಗಿದು, ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಗುವನ್ನು ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟ ಇಳಿದರು. ಆಮೇಲೆ ಅವರಿಗೆ ಸ್ವಂತ ಮನೆ ಅಂತ ಇರಲೇ ಇಲ್ಲ. ದೇವಸ್ಥಾನಗಳಲ್ಲಿ ಕೂತು ಪುರಾಣ ಓದುವುದು, ಕೇಳಿದವರು ಕೊಟ್ಟ ಅಕ್ಕಿ, ಕಾಸಿನಲ್ಲಿ ಬದುಕುವುದು. ತಾಯಿಯ ಬಾಯಿಂದ ಕೇಳಿ ಕೇಳಿಯೇ ಹುಡುಗಿ ಭಾಗವತವನ್ನು ಕಂಠಪಾಠ ಮಾಡಿದಳು. ಮರಾಠಿಯ ಜೊತೆ ಕನ್ನಡವೂ ಬಂತು.

1870ರ ದಶಕದ ಬರ ಬಂದಾಗ ಪುರಾಣ ಕೇಳುವವರ ಹೊಟ್ಟೆಗೇ ಇಲ್ಲ, ಓದುವವರಿಗೆ ಕೊಡೋದ್ಯಾರು? ಕೂಲಿ ಮಾಡುವುದು ಗೊತ್ತಿಲ್ಲ, ಬೇಡುವುದಕ್ಕೆ ಜಾತಿಯ ಅಭಿಮಾನ ಬಿಡುವುದಿಲ್ಲ. ಉಳಿದದ್ದನ್ನೂ ಬ್ರಾಹ್ಮಣರಿಗೆ ದಾನ ಕೊಟ್ಟು, ವ್ರತ ಹಿಡಿದು, ಪವಿತ್ರ ಕೆರೆಗಳಲ್ಲಿ ಮುಳುಗಿ ಎದ್ದರು, ದೇವರು ಒಲಿಯುತ್ತಾನೆ ಅಂತ. ತಂದೆ ಹೋದರು, ಕೆಲವೇ ತಿಂಗಳಲ್ಲಿ ತಾಯಿ ಹೋದರು, ಆಮೇಲೆ ಅಕ್ಕ. ಸಾಯುತ್ತಿದ್ದ ತಾಯಿಗಾಗಿ ಪಕ್ಕದ ಮನೆಯಲ್ಲಿ ಮಗಳು ಕೈಯೊಡ್ಡಿ ತಂದ ಸಜ್ಜೆ ರೊಟ್ಟಿಯ ಚೂರು ಗಂಟಲಲ್ಲಿ ಇಳಿಯಲಿಲ್ಲ. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾ, ಇಬ್ಬರೇ. ಪಂಜಾಬು, ಕಾಶ್ಮೀರದವರೆಗೂ ಬರಿಗಾಲಲ್ಲಿ ನಡೆದರು. ಝೀಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾರದೆ ಗೋರಿಯಂಥ ಗುಂಡಿ ತೋಡಿ, ಮೈಮೇಲೆ ಮರಳು ಎಳೆದುಕೊಂಡು ಮಲಗಿದರು. ದೇವರುಗಳ ಮೇಲಿನ ನಂಬಿಕೆ ಇಬ್ಬರಲ್ಲೂ ಸತ್ತದ್ದು ಆ ವರ್ಷಗಳಲ್ಲಿ.

1878ರಲ್ಲಿ ಕಲ್ಕತ್ತಾ ತಲುಪಿದಾಗ ಪಂಡಿತರು ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಅಲ್ಲೇ ಮೊದಲ ಸಲ ಒಂದು ಕ್ರೈಸ್ತ ಕೂಟಕ್ಕೆ ಹೋದರು. ಎಲ್ಲರೂ ಕುರ್ಚಿಗಳ ಮುಂದೆ ಮಂಡಿಯೂರಿ ಕಣ್ಣು ಮುಚ್ಚಿದ್ದನ್ನು ಕಂಡು, ಈ ಜನ ಕುರ್ಚಿಯನ್ನು ಪೂಜೆ ಮಾಡ್ತಾರೆ ಅಂತಲೇ ಅಣ್ಣ ತಂಗಿ ತಿಳಿದುಕೊಂಡರು. ನನಗೆ ತುಂಬಾ ಇಷ್ಟವಾದ ಪ್ರಸಂಗ ಇದು. ಕ್ರೈಸ್ತ ಧರ್ಮದ ಜೊತೆ ರಮಾಬಾಯಿಯವರ ಮೊದಲ ಭೇಟಿಯಲ್ಲಿ ಬೆಳಕೂ ಇರಲಿಲ್ಲ, ಆಮಿಷವೂ ಇರಲಿಲ್ಲ, ಕುರ್ಚಿ ಮಾತ್ರ ಇತ್ತು.

ಕೇಶವಚಂದ್ರ ಸೇನರು ಓದಲು ಒತ್ತಾಯಿಸಿದ ಮೇಲೆ ಧರ್ಮಶಾಸ್ತ್ರಗಳ ಜೊತೆ ವೇದ, ಉಪನಿಷತ್ತುಗಳಿಗೂ ಇಳಿದರು. ಶಾಸ್ತ್ರಗ್ರಂಥಗಳು ಒಂದಕ್ಕೊಂದು ಜಗಳವಾಡಿದರೂ ಒಂದು ವಿಷಯದಲ್ಲಿ ಒಮ್ಮತದಿಂದಿವೆ ಎಂದು ಅವರಿಗೆ ಕಂಡಿತು: ಹೆಣ್ಣು ಕೀಳು, ಹೆಣ್ಣಿಗೂ ಶೂದ್ರನಿಗೂ ಈ ಜನ್ಮದಲ್ಲಿ ಮೋಕ್ಷದ ದಾರಿಯಿಲ್ಲ. ಶರಣರಲ್ಲಿ, ವಾರಕರಿಗಳಲ್ಲಿ ಬೇರೆ ದಾರಿ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಆದರೆ ಶಾಸ್ತ್ರಿಗಳ ಮನೆಯ ಮಗಳಿಗೆ ಕೈಗೆ ಸಿಕ್ಕಿದ್ದು, ಮೈಮೇಲೆ ಬಿದ್ದದ್ದು ಈ ಶಾಸ್ತ್ರ.

1880ರಲ್ಲಿ ಅಣ್ಣನೂ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷ ಬ್ರಹ್ಮಸಮಾಜದ ವಕೀಲ ಬಿಪಿನ್ ಬಿಹಾರಿ ದಾಸರನ್ನು ರಿಜಿಸ್ಟರ್ ಮದುವೆಯಾದರು. ಬಿಪಿನ್ ಬ್ರಾಹ್ಮಣರಲ್ಲ, ಹಾಗಾಗಿ ಜಾತಿಯವರಿಗೆ ರಮಾಬಾಯಿ ಅಂದಿಗೇ ಮುಗಿದರು. ಸಿಲ್ಚಾರಿನ ಮನೆಯಲ್ಲಿ ಗಂಡನ ಪುಸ್ತಕಗಳ ನಡುವೆ ಲೂಕನ ಸುವಾರ್ತೆಯ ಬಂಗಾಳಿ ಪುಸ್ತಿಕೆ ಸಿಕ್ಕಿತು. ಆಸಕ್ತಿಯಿಂದ ಓದಿದರು, ಗಂಡನಿಗೆ ಅದು ಹಿಡಿಸಲಿಲ್ಲ. 1882ರ ಫೆಬ್ರವರಿಯಲ್ಲಿ ಕಾಲರಾ ಬಿಪಿನ್‌ರನ್ನು ಒಯ್ದಿತು. 23 ವರ್ಷದ ವಿಧವೆ, ಮಡಿಲಲ್ಲಿ ವರ್ಷ ತುಂಬದ ಮಗಳು ಮನೋರಮಾ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು, ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ವೈದ್ಯೆಯರು, ಶಿಕ್ಷಕಿಯರು ಬೇಕೆಂದು ಸಾಕ್ಷಿ ಹೇಳಿದರು. ತಾವೇ ಡಾಕ್ಟರಾಗಬೇಕು ಅಂತ 1883ರಲ್ಲಿ ಇಂಗ್ಲೆಂಡಿನ ವಾಂಟೇಜಿಗೆ, ಆಂಗ್ಲಿಕನ್ ಸಿಸ್ಟರ್‌ಗಳ ಮಠಕ್ಕೆ ಹೋದರು. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಡಾಕ್ಟರ್ ಓದು ಅಲ್ಲಿಗೇ ನಿಂತಿತು. ಜೊತೆಗೆ ಬಂದಿದ್ದ ಗೆಳತಿ ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡರು. ಇಂಥ ಹೊತ್ತಿನಲ್ಲಿ ಸಿಸ್ಟರ್‌ಗಳು ಲಂಡನ್ನಿನ ಫುಲ್ಹಾಮ್‌ನಲ್ಲಿ ನಡೆಸುತ್ತಿದ್ದ ಆಶ್ರಯಮನೆಯನ್ನು ರಮಾಬಾಯಿ ನೋಡಿದರು. ಸಮಾಜ ಕೆಟ್ಟವರು ಅಂತ ಉಗಿದ ಹೆಂಗಸರನ್ನು ಅಲ್ಲಿ ಮುಟ್ಟಿ, ಉಪಚರಿಸಿ, ಮನುಷ್ಯರಂತೆ ನಡೆಸಿಕೊಳ್ಳುತ್ತಿದ್ದರು. ಯಾಕೆ ಹೀಗೆ ಮಾಡ್ತೀರಿ ಎಂದು ಕೇಳಿದ್ದಕ್ಕೆ ಸಿಸ್ಟರ್ ಒಬ್ಬರು, ಬಾವಿಯ ಬಳಿ ಯೇಸು ಮಾತಾಡಿಸಿದ ಸಮಾರ್ಯದ ಹೆಣ್ಣಿನ ಕತೆ ಓದಿಸಿದರು. ಶಾಸ್ತ್ರಗಳು ಮುಚ್ಚಿದ ಬಾಗಿಲು ಇಲ್ಲಿ ತೆರೆದಿದೆ ಅಂತ ರಮಾಬಾಯಿಗೆ ಅನ್ನಿಸಿತು. 1883ರ ಸೆಪ್ಟೆಂಬರ್ 29ರಂದು ಮಗಳ ಜೊತೆ ದೀಕ್ಷಾಸ್ನಾನ ಪಡೆದರು.

ಪುಣೆಯ ಪತ್ರಿಕೆಗಳು ಕಿಡಿಕಾರಿದವು. ಪರವಾಗಿ ನಿಂತವರಲ್ಲಿ ಜ್ಯೋತಿಬಾ ಫುಲೆ ಮುಖ್ಯರು. ನಾವು ಅಷ್ಟಾಗಿ ಹೇಳದ ಇನ್ನೊಂದು ಸಂಗತಿ ಇದೆ. ಚರ್ಚಿನೊಳಗೂ ಆಕೆ ತಲೆ ತಗ್ಗಿಸಲಿಲ್ಲ. ತ್ರಯೇಕ ದೇವರ ಸಿದ್ಧಾಂತ ನನಗೆ ಅರ್ಥವಾಗೋದಿಲ್ಲ, ಅರ್ಥವಾಗದ್ದನ್ನು ಒಪ್ಪಲಾರೆ ಎಂದು ಸಿಸ್ಟರ್ ಜೆರಾಲ್ಡೀನ್ ಅವರೊಂದಿಗೆ ಪತ್ರದ ಮೇಲೆ ಪತ್ರ ಬರೆದು ಜಗಳವಾಡಿದರು. ಮಾಂಸ ಮುಟ್ಟಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಇದ್ದರೆ ಏನಾಗುತ್ತೆ ಅಂತ ಕೇಳಿದರು. ಗಂಡಸರಿಗೆ ಪಾಠ ಹೇಳಬಾರದು ಎಂದು ಬಿಷಪರು ಅಡ್ಡಬಂದಾಗ ಸಿಟ್ಟಾದರು. ಒಬ್ಬರ ಕೈಯ ನೊಗ ಕಳಚಿ ಇನ್ನೊಬ್ಬರ ಕೈಗೆ ಕೊಡಲು ಅವರು ಇಷ್ಟು ದೂರ ಬಂದಿರಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1886ರಲ್ಲಿ ಆನಂದಿಬಾಯಿ ಜೋಶಿಯವರ ಪದವಿ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದರು, ಮರುವರ್ಷ ಮೇಲ್ಜಾತಿ ಹಿಂದೂ ಹೆಣ್ಣಿನ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಬಂತು, ಹಣ ಕೂಡಿತು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಧರ್ಮಬೋಧನೆ ಇಲ್ಲ ಎಂಬುದು ಒಪ್ಪಂದ, ಸಲಹಾ ಸಮಿತಿಯಲ್ಲಿ ರಾನಡೆ, ಭಂಡಾರ್ಕರ್ ಇದ್ದರು.

ಹೊರಗಿನಿಂದ ನೋಡಿದರೆ ಗೆದ್ದ ಬದುಕು. ಒಳಗೆ ಮಾತ್ರ ಬರಗಾಲ. 1891ರ ಹೊತ್ತಿಗೆ ಅವರಿಗೆ ಕಾಡತೊಡಗಿದ್ದು ಇದು: ತನಗೆ ಸಿಕ್ಕಿರುವುದು ಕ್ರೈಸ್ತ ಧರ್ಮ, ಕ್ರಿಸ್ತ ಅಲ್ಲ. ಒಪ್ಪಿಕೊಳ್ಳಬಹುದಾದ ವಿಚಾರ, ಮೆಚ್ಚಬಹುದಾದ ನೀತಿ ಎಲ್ಲ ಇದೆ, ಮನಸ್ಸಿಗೆ ನೆಮ್ಮದಿಯಿಲ್ಲ. ಆಗ ಹಸ್ಲಾಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕತೆ ಕೈಗೆ ಬಂತು. ಪಾದ್ರಿಯಾಗಿ ವರ್ಷಗಟ್ಟಲೆ ಬೋಧನೆ ಮಾಡಿದ ಮೇಲೆ ತನಗೇ ನಂಬಿಕೆ ಇಲ್ಲ ಅಂತ ಕಂಡುಕೊಂಡ ಮನುಷ್ಯನ ಕತೆ ಅದು. ರಮಾಬಾಯಿಗೆ ತಮ್ಮದೇ ಕತೆ ಓದಿದ ಹಾಗಾಯಿತು. ಬೈಬಲ್ಲನ್ನು ಮತ್ತೆ ಓದಲು ಕೂತರು. ಹುಡುಕುತ್ತಿದ್ದದ್ದು ಸಿಕ್ಕಿದ್ದು ಆಗ: ದೇವರ ಕೃಪೆ ಸಂಪಾದಿಸುವಂಥದ್ದಲ್ಲ, ಬಿಟ್ಟಿಯಾಗಿ ಸಿಗುವಂಥದ್ದು.

ಈ ಮಾತು ಚರ್ಚಿಗೆ ಹೋಗುವವರಿಗೆ ಸವೆದ ಮಾತು ಅನ್ನಿಸಬಹುದು, ನಂಬದವರಿಗೆ ಪೊಳ್ಳು ಅನ್ನಿಸಬಹುದು. ನಾನು ಅದನ್ನು ಓದುವಾಗ ಆ ಬರದ ವರ್ಷಗಳನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಆ ಸಂಸಾರ ದೇವರಿಗೆ ಎಷ್ಟೆಲ್ಲ ತೆತ್ತಿತ್ತು. ದಾನ, ಉಪವಾಸ, ಪ್ರದಕ್ಷಿಣೆ, ಕೊನೆಗೆ ಪಾತ್ರೆ ಪಡಗವೂ ಹೋಯಿತು. ತೆತ್ತಷ್ಟೂ ಸಾಲದು ಎಂಬ ದೇವರೆದುರು ಮೂರು ಹೆಣ ಬಿದ್ದವು. ಇಂಗ್ಲೆಂಡಿನಲ್ಲೂ ಆಕೆ ಇನ್ನೊಂದು ಬಗೆಯಲ್ಲಿ ತೆರುತ್ತಲೇ ಇದ್ದರು, ವಾದ ಗೆದ್ದು, ಬುದ್ಧಿಗೆ ಒಪ್ಪಿಸಿ, ಯೋಗ್ಯತೆ ತೋರಿಸಿ. ನಿನ್ನಿಂದ ಏನೂ ಬೇಡ ಅನ್ನುವ ದೇವರು ಅಂಥವರಿಗೆ ಎಂಥ ಬಿಡುಗಡೆಯಾಗಿರಬೇಕು ಅನ್ನೋದನ್ನು ಊಹಿಸಲು ನಾವು ಕ್ರೈಸ್ತರೇ ಆಗಬೇಕಿಲ್ಲ.

ಅದರ ಬೆಲೆ ಬೇಗನೇ ಬಂತು. ರಮಾಬಾಯಿ ಮಗಳ ಜೊತೆ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು, ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಬರುವವರನ್ನು ತಡೆಯೋದಿಲ್ಲ ಎಂದರು. 1893ರಲ್ಲಿ ರಾನಡೆ, ಭಂಡಾರ್ಕರ್ ಸಮಿತಿ ಬಿಟ್ಟರು, ತಿಲಕರ ಕೇಸರಿ ಮುಗಿಬಿತ್ತು, ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಒಪ್ಪಂದದ ಅಕ್ಷರ ಮುರಿಯಲಿಲ್ಲವಾದರೂ ವಿರೋಧಿಗಳ ಸಂಶಯಕ್ಕೆ ಕಾರಣವೇ ಇರಲಿಲ್ಲ ಅಂತ ನಾನು ಹೇಳಲಾರೆ.

1896ರ ಕೊನೆಗೆ ಮಧ್ಯಪ್ರಾಂತದಲ್ಲಿ ಬರ ಬಿತ್ತು. ಸುದ್ದಿ ಕೇಳಿ ರಮಾಬಾಯಿಗೆ ಹಳೆಯ ಹಸಿವು ನೆನಪಾಯಿತು. ಅಷ್ಟು ಜನರನ್ನು ಸಾಕಲು ಹಣವೂ ಇರಲಿಲ್ಲ, ಜಾಗವೂ ಇರಲಿಲ್ಲ, ಆದರೂ ಹೊರಟರು. ಬರಪೀಡಿತ ಹುಡುಗಿಯರನ್ನು, ವಿಧವೆಯರನ್ನು ತಂಡತಂಡವಾಗಿ ಕರೆತಂದರು, ಸುಮಾರು 300 ಮಂದಿಯನ್ನು. ಪುಣೆಯಲ್ಲಿ ಪ್ಲೇಗು, ಅಲ್ಲಿ ಇಟ್ಟುಕೊಳ್ಳುವಂತಿಲ್ಲ. ಹಣ್ಣಿನ ತೋಟಕ್ಕೆಂದು ಕೇಡಗಾಂವ್‌ನಲ್ಲಿ ಕೊಂಡಿದ್ದ ಜಮೀನಿನಲ್ಲಿ ವಸತಿ ಮಾಡಿದರು. ಅದೇ ಮುಕ್ತಿ. ಪ್ಲೇಗಿನ ಕ್ಯಾಂಪುಗಳಲ್ಲಿ ಹೆಂಗಸರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಅದೇ ವರ್ಷ ಪತ್ರಿಕೆಗೆ ಬರೆದು ಮುಂಬಯಿ ಗವರ್ನರನ್ನೂ ಎದುರು ಹಾಕಿಕೊಂಡರು. ಕ್ರೈಸ್ತರಾದದ್ದರಿಂದ ಬ್ರಿಟಿಷರ ಬಾಲವಾದರು ಅನ್ನುವವರು ಆ ಪತ್ರದ ಹೆಸರೆತ್ತುವುದಿಲ್ಲ.

1900ರ ಗುಜರಾತ್ ಬರದ ನಂತರ ಮುಕ್ತಿಯಲ್ಲಿ ಸುಮಾರು 2000 ಮಂದಿ. ಮಗ್ಗ, ಗಾಣ, ಹಸು, ಅಚ್ಚುಕೂಟ, ಕುರುಡರಿಗೆ ಬ್ರೈಲ್ ಶಾಲೆ, ಎಲ್ಲವನ್ನೂ ಹೆಂಗಸರೇ ನಡೆಸಿದರು. ಲೈಂಗಿಕ ಶೋಷಣೆಗೆ ಸಿಕ್ಕಿ ಹೊರದಬ್ಬಿಸಿಕೊಂಡ ಹೆಣ್ಣುಮಕ್ಕಳಿಗೆ ಒಂದು ಪ್ರತ್ಯೇಕ ಮನೆ ಇತ್ತು. ಫುಲ್ಹಾಮ್‌ನಲ್ಲಿ ಕಂಡದ್ದನ್ನು ಕೇಡಗಾಂವ್‌ನಲ್ಲಿ ಕಟ್ಟಿದ್ದು ಅದು. ಅದಕ್ಕೆ ಇಟ್ಟ ಹೆಸರು ಕೃಪಾ ಸದನ.

ಒಂದು ಪ್ರಶ್ನೆಯನ್ನು ಬದಿಗೆ ಸರಿಸುವ ಹಾಗಿಲ್ಲ. ಮುಕ್ತಿ ಬಹಿರಂಗವಾಗಿ ಕ್ರೈಸ್ತ ಸಂಸ್ಥೆ, ಅಲ್ಲಿಗೆ ಬಂದ ಬರದ ಮಕ್ಕಳಲ್ಲಿ ಬಹಳಷ್ಟು ಮಂದಿ ಕ್ರೈಸ್ತರಾದರು. ಶಾಸ್ತ್ರ ಅರೆದು ಕುಡಿದು, ಬಿಷಪರೊಂದಿಗೆ ವಾದಿಸಿ ರಮಾಬಾಯಿ ಮಾಡಿದ ಆಯ್ಕೆಯೂ, ಹಸಿದು ಬಂದ ಹತ್ತು ವರ್ಷದ ಹುಡುಗಿಯ ಆಯ್ಕೆಯೂ ಒಂದೇ ಅಂತ ನಾನು ಒಪ್ಪುವುದಿಲ್ಲ. ಆಕೆಯ ಅಭಿಮಾನಿಗಳು ಇದನ್ನು ಮುಚ್ಚಿಡೋದು ಬೇಡ. ಆದರೆ 2022ರ ನಮ್ಮ ಮತಾಂತರ ನಿಷೇಧ ಕಾಯ್ದೆ ಅಪ್ರಾಪ್ತರ ಜೊತೆಗೆ ವಯಸ್ಕ ಹೆಂಗಸರನ್ನೂ, ದಲಿತ, ಆದಿವಾಸಿಗಳನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಅವರನ್ನು ಮತಾಂತರಿಸಿದರೆ ಹೆಚ್ಚಿನ ಶಿಕ್ಷೆ ಅನ್ನುತ್ತದಲ್ಲ, ಅದರ ಹಿಂದಿನ ನೋಟ ಪುಣೆಯ ಪತ್ರಿಕೆಗಳಿಗೂ ಇತ್ತು, ವಾಂಟೇಜಿನ ಸಿಸ್ಟರ್‌ಗಳಿಗೂ ಇತ್ತು. ಹೆಣ್ಣಿಗೆ ತನ್ನ ದೇವರು ಯಾರೆಂದು ತಾನೇ ತೀರ್ಮಾನಿಸುವ ಬುದ್ಧಿ ಇದೆ ಅಂತ ಇಬ್ಬರೂ ಪೂರ್ತಿ ನಂಬಲಿಲ್ಲ.

ಕೊನೆಯ ವರ್ಷಗಳನ್ನು ರಮಾಬಾಯಿ ಬೈಬಲ್ಲಿನ ಮರಾಠಿ ಅನುವಾದಕ್ಕೆ ಕೊಟ್ಟರು. ಅದಕ್ಕಾಗಿಯೇ ಹೀಬ್ರೂ, ಗ್ರೀಕ್ ಕಲಿತರು. ಇದ್ದ ಅನುವಾದದಲ್ಲಿ ಸಂಸ್ಕೃತ ಹೆಚ್ಚು, ಹಳ್ಳಿಯ ಹೆಂಗಸರಿಗೆ ಅರ್ಥವಾಗೋದಿಲ್ಲ ಎಂಬುದು ಅವರ ದೂರು. ಹದಿನೆಂಟು ಸಾವಿರ ಶ್ಲೋಕದ ಭಾಗವತ ಬಾಯಿಗೆ ಬರುತ್ತಿದ್ದ ಪಂಡಿತೆ ಸಂಸ್ಕೃತ ಪದಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಕೂತರು. ಅಚ್ಚುಮೊಳೆ ಜೋಡಿಸಿದವರು ಮುಕ್ತಿಯ ಹುಡುಗಿಯರು.

ಕೆಲಸ ಮುಂದೆ ವಹಿಸಿಕೊಳ್ಳಬೇಕಿದ್ದವರು ಮಗಳು ಮನೋರಮಾ. ಗುಲ್ಬರ್ಗಾದಲ್ಲಿ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದ್ದು ಅವರೇ. 1921ರ ಜುಲೈಯಲ್ಲಿ, ನಲವತ್ತು ವರ್ಷಕ್ಕೆ, ಅವರೂ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ರಮಾಬಾಯಿ ಪ್ರೂಫ್ ತಿದ್ದುವುದನ್ನು ನಿಲ್ಲಿಸಲಿಲ್ಲ. ಒಂಬತ್ತು ತಿಂಗಳ ನಂತರ, 1922ರ ಏಪ್ರಿಲ್ 5ರಂದು ಅವರು ಸಾಯುವ ಹೊತ್ತಿಗೆ ಆ ಕೆಲಸ ಮುಗಿದಿತ್ತು.