ಬೈಸಿಕಲ್ಲಿನ ಮೇಲೆ ಭೂಪ್ರದಕ್ಷಿಣೆ ಮಾಡಿದ ಥಾಮಸ್ ಸ್ಟೀವನ್ಸ್

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಕೋಶ ಓದುವುದಕ್ಕೆ ಪುಸ್ತಕವೂ ದೀಪವೂ ಇದ್ದರೆ ಸಾಕು. ದೇಶ ಸುತ್ತುವುದಕ್ಕೆ ಏನು ಬೇಕು? ಹಣ, ವಾಹನ, ಧೈರ್ಯ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಇವೆಲ್ಲವೂ ಬೇಕಾದುವೇ. ಆದರೆ ಇವುಗಳಷ್ಟೇ ಅಗತ್ಯವಾದ ಮತ್ತೊಂದುಂಟು. ಅದು ಪ್ರಯಾಣಿಕನ ಗಂಟಿನಲ್ಲಿರುವುದಿಲ್ಲ, ದಾರಿಯ ಜನರ ಮನಸ್ಸಿನಲ್ಲಿರುತ್ತದೆ. ಬೈಸಿಕಲ್ಲಿನ ಮೇಲೆ ಭೂಮಿಯನ್ನು ಸುತ್ತಿದವರಲ್ಲಿ ಮೊದಲಿಗನಾದ ಥಾಮಸ್ ಸ್ಟೀವನ್ಸನ ಚರಿತ್ರೆಯನ್ನು ತಿಳಿದರೆ ಈ ಮಾತು ಮನದಟ್ಟಾಗುತ್ತದೆ.

ಸ್ಟೀವನ್ಸನು 1854ನೆಯ ಇಸವಿ ಡಿಸೆಂಬರ್ 24ರಂದು ಇಂಗ್ಲೆಂಡಿನ ಬರ್ಕಮ್‌ಸ್ಟೆಡ್ ಎಂಬ ಊರಿನಲ್ಲಿ ಜನಿಸಿದನು. 1871ರಲ್ಲಿ, ಇನ್ನೂ ಹದಿನಾರು ವರ್ಷದವನಾಗಿದ್ದಾಗ, ಬದುಕನ್ನು ಅರಸಿ ಅಮೆರಿಕೆಗೆ ಹೋದನು. ವಯೋಮಿಂಗ್ ಪ್ರಾಂತದಲ್ಲಿ ರೈಲ್ವೆಯ ಕಾರ್ಖಾನೆಯೊಂದರಲ್ಲಿ ದುಡಿದು, ಬಳಿಕ ಕೊಲರಾಡೋ ಪ್ರಾಂತದ ಗಣಿಯಲ್ಲಿ ಕೆಲಸಕ್ಕೆ ಸೇರಿದನು. ಅಮೆರಿಕೆಯನ್ನು ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿನವರೆಗೆ ಬೈಸಿಕಲ್ಲಿನ ಮೇಲೆ ದಾಟಬೇಕೆಂಬ ಹಂಬಲ ಆ ಗಣಿಯಲ್ಲಿದ್ದಾಗಲೇ ಅವನಲ್ಲಿ ಮೊಳೆಯಿತು.

ಆ ಕಾಲದ ಬೈಸಿಕಲ್ಲು ನಾವು ಇಂದು ಕಾಣುವಂಥದಲ್ಲ. ಅವನ ವಾಹನದ ಮುಂದಿನ ಚಕ್ರದ ಎತ್ತರ 50 ಅಂಗುಲ, ಎಂದರೆ ನಾಲ್ಕು ಅಡಿಗೂ ಮಿಗಿಲು. ಹಿಂದಿನದು ಪುಟ್ಟ ಗಾಲಿ. ಸರಪಣಿಯೆಂಬುದು ಇಲ್ಲ, ಪೆಡಲುಗಳು ದೊಡ್ಡ ಚಕ್ರಕ್ಕೇ ಜೋಡಣೆಯಾಗಿದ್ದುವು. ಗಾಳಿ ತುಂಬಿದ ಟೈರು ಇನ್ನೂ ಬಳಕೆಗೆ ಬಂದಿರಲಿಲ್ಲ. ಚಕ್ರದ ಸುತ್ತ ಗಟ್ಟಿ ರಬ್ಬರಿನ ಪಟ್ಟಿ ಮಾತ್ರ. ಕಲ್ಲೊಂದು ಅಡ್ಡ ಬಂದರೆ ಸವಾರನು ತಲೆಕೆಳಗಾಗಿ ಮುಂದಕ್ಕೆ ಉರುಳಬೇಕಾಗಿತ್ತು. ಇಂತಹ ವಾಹನವನ್ನೇರಿ ಅವನು 1884ರ ಏಪ್ರಿಲ್ 22ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದಿಂದ ಹೊರಟನು. ಕಾಲುಚೀಲಗಳು, ಒಂದು ಹೆಚ್ಚಿನ ಅಂಗಿ, ಡೇರೆಯೂ ಹಾಸಿಗೆಯೂ ಆಗಬಲ್ಲ ಒಂದು ಮಳೆಯಂಗಿ, ಒಂದು ಪಿಸ್ತೂಲು: ಇಷ್ಟೇ ಅವನ ಸಾಮಾನು.

ಇಷ್ಟು ಹಗುರವಾಗಿ ಹೊರಟವನು ಅನ್ನಕ್ಕೂ ಆಸರೆಗೂ ಇತರರನ್ನು ನಂಬಲೇಬೇಕಷ್ಟೆ. ಪಶ್ಚಿಮ ಅಮೆರಿಕೆಯಲ್ಲಿ ಆಗ ಒಳ್ಳೆಯ ರಸ್ತೆಗಳಿರಲಿಲ್ಲ. ಹಿಮದ ಪರ್ವತಗಳಲ್ಲಿಯೂ ಮರಳುಗಾಡಿನಲ್ಲಿಯೂ ಅವನು ದಾರಿಯ ಮೂರನೆಯ ಒಂದು ಪಾಲಿಗೂ ಹೆಚ್ಚನ್ನು ಬೈಸಿಕಲ್ಲು ತಳ್ಳಿಕೊಂಡೇ ನಡೆದನು. ದನಗಾಹಿಗಳ ಮನೆಗಳೂ ರೈಲುದಾರಿಯ ಕೆಲಸಗಾರರ ವಸತಿಗಳೂ ಅವನಿಗೆ ರಾತ್ರಿಯ ಆಶ್ರಯವಾದುವು. ಆಗಸ್ಟ್ 4ರಂದು ಬಾಸ್ಟನ್ ನಗರವನ್ನು ತಲಪಿದಾಗ ಅವನು ಕ್ರಮಿಸಿದ್ದ ದೂರ ಸುಮಾರು 3,700 ಮೈಲಿ.

ಈ ಸಾಹಸದಿಂದ ಅವನ ಹೆಸರು ಪತ್ರಿಕೆಗಳಲ್ಲಿ ಹಬ್ಬಿತು. ‘ಔಟಿಂಗ್’ ಎಂಬ ಮಾಸಪತ್ರಿಕೆ ಬೆಂಬಲಕ್ಕೆ ನಿಂತಿತು. 1885ರ ಮೇ 4ರಂದು ಇಂಗ್ಲೆಂಡಿನ ಲಿವರ್‌ಪೂಲಿನಿಂದ ಅವನು ಪೂರ್ವಾಭಿಮುಖವಾಗಿ ಹೊರಟನು. ಫ್ರಾನ್ಸ್, ಜರ್ಮನಿ, ಆಸ್ಟ್ರಿಯಗಳನ್ನು ದಾಟಿ ಹಂಗೆರಿಗೆ ಬಂದಾಗ, ಅಲ್ಲಿಯ ಇಗಾಲಿ ಎಂಬ ಬೈಸಿಕಲ್ ಸವಾರನು ತಾನಾಗಿಯೇ ಜೊತೆಗೂಡಿದನು. ಇಗಾಲಿಗೆ ಇಂಗ್ಲಿಷ್ ಬಾರದು. ಸ್ಟೀವನ್ಸನಿಗೆ ಅವನ ಭಾಷೆ ಬಾರದು. ಆದರೂ ಇಬ್ಬರೂ ಸಂಜ್ಞೆಗಳಿಂದಲೇ ಸಂಭಾಷಿಸುತ್ತ, ಸ್ನೇಹದಿಂದ ಜೊತೆಯಾಗಿ ಸಾಗಿದರು.

ಕಾನ್‌ಸ್ಟಾಂಟಿನೋಪಲ್, ಎಂದರೆ ಇಂದಿನ ಇಸ್ತಾಂಬುಲ್ ನಗರವನ್ನು ಬಿಟ್ಟು ಮುಂದೆ ಸಾಗಿದ ಮೇಲೆ ಬೈಸಿಕಲ್ಲನ್ನು ಕಂಡವರೇ ವಿರಳ. ತುರ್ಕಿಯ ಹಳ್ಳಿಗಳಲ್ಲಿ ಹೋಟೆಲುಗಳಿರಲಿಲ್ಲ. ಆದರೆ ದಾರಿಹೋಕರಿಗೆಂದು ಮೀಸಲಾದ ಕೋಣೆಗಳಿದ್ದುವು. ಹಳ್ಳಿಗರು ತಾವು ಉಣ್ಣುವ ರೊಟ್ಟಿ, ಮೊಸರು, ಮೊಟ್ಟೆಗಳನ್ನೇ ಅತಿಥಿಗೂ ನೀಡುತ್ತಿದ್ದರು. ಬದಲಿಗೆ ಅವರು ಕೇಳುತ್ತಿದ್ದುದು ಸಾಮಾನ್ಯವಾಗಿ ಒಂದನ್ನೇ: ಬೈಸಿಕಲ್ಲನ್ನು ಏರಿ ಒಮ್ಮೆ ತೋರಿಸಬೇಕು! ದಿನವೆಲ್ಲ ತುಳಿದು ದಣಿದವನಿಗೆ ಊರೂರಿನಲ್ಲಿಯೂ ಈ ಪ್ರದರ್ಶನ ಬೇಸರ ತರುತ್ತಿತ್ತು. ಹಾಗೆಂದು ಒಲ್ಲೆನೆನ್ನುವಂತಿರಲಿಲ್ಲ. ಕುರ್ದ್ ಜನರ ಡೇರೆಗಳಲ್ಲಿಯೂ ಅವನು ಅತಿಥಿಯಾದನು. ಕೊನೆಗೆ ಪರ್ಷಿಯಾ, ಎಂದರೆ ಇಂದಿನ ಇರಾನ್ ದೇಶದ ರಾಜಧಾನಿ ತೆಹರಾನಿನಲ್ಲಿ ಚಳಿಗಾಲವನ್ನು ಕಳೆದನು. ಅಲ್ಲಿಯ ಷಾ ನಾಸಿರುದ್ದೀನನೂ ಹಳ್ಳಿಗರಂತೆಯೇ ಕುತೂಹಲದಿಂದ ಅವನ ಸವಾರಿಯನ್ನು ನೋಡಿದನು.

1886ರ ಮಾರ್ಚ್ 10ರಂದು ತೆಹರಾನನ್ನು ಬಿಟ್ಟು ಅವನು ಆಫ್ಘಾನಿಸ್ತಾನವನ್ನು ಪ್ರವೇಶಿಸಿದನು. ಬ್ರಿಟಿಷರಿಗೂ ರಷ್ಯನರಿಗೂ ನಡುವೆ ಪೈಪೋಟಿ ನಡೆಯುತ್ತಿದ್ದ ಕಾಲವದು. ಅಪರಿಚಿತ ಪ್ರಯಾಣಿಕನ ಮೇಲೆ ಆಫ್ಘನ್ ಅಧಿಕಾರಿಗಳಿಗೆ ಸಂಶಯ ಬಂದುದು ಸಹಜವೇ. ಅವರು ಅವನನ್ನು ತಡೆದು ಹೆರಾತ್ ನಗರಕ್ಕೆ ಕರೆದೊಯ್ದರು. ಸೆರೆಯಲ್ಲಿದ್ದರೂ ಊಟೋಪಚಾರಕ್ಕೆ ಕೊರತೆಯಾಗಲಿಲ್ಲ. ಆದರೆ ಮುಂದೆ ಹೋಗಗೊಡದೆ ಗಡಿಯಾಚೆಗೆ ಕಳುಹಿಸಿಬಿಟ್ಟರು. ಅವನು ಹಿಂದಿರುಗಿ, ಹಡಗಿನಲ್ಲಿಯೂ ರೈಲಿನಲ್ಲಿಯೂ ಬಹುದೂರ ಬಳಸಿ ಭಾರತಕ್ಕೆ ಬಂದನು. ಲಾಹೋರಿನಿಂದ ದೆಹಲಿ, ಆಗ್ರಾ, ಕಾಶಿಗಳ ಮಾರ್ಗವಾಗಿ ಕಲ್ಕತ್ತೆಯವರೆಗೆ ಸಾಗಿ, ಗ್ರ್ಯಾಂಡ್ ಟ್ರಂಕ್ ರಸ್ತೆಯನ್ನು ಬಹುವಾಗಿ ಮೆಚ್ಚಿಕೊಂಡನು. ಆಗ ನಮ್ಮ ದೇಶ ಬ್ರಿಟಿಷರ ಆಳ್ವಿಕೆಯಲ್ಲಿದ್ದುದರಿಂದ ಇಂಗ್ಲೆಂಡಿನಲ್ಲಿ ಹುಟ್ಟಿದ ಅವನಿಗೆ ಇಲ್ಲಿ ಆಸರೆ ಸುಲಭವಾಗಿಯೇ ದೊರೆಯಿತು. ನಿಜವಾದ ಪರೀಕ್ಷೆ ಮುಂದೆ ಚೀನಾದಲ್ಲಿ ಕಾದಿತ್ತು.

ಫ್ರೆಂಚರೊಡನೆ ನಡೆದ ಯುದ್ಧ 1885ರಲ್ಲಿ ಮುಗಿದಿದ್ದರೂ ಚೀನೀಯರ ಮನಸ್ಸಿನ ಗಾಯ ಮಾಗಿರಲಿಲ್ಲ. ಅವರಿಗೆ ಪರದೇಶಿಯೆಂದರೆ ಶತ್ರು. ಸ್ಟೀವನ್ಸನಿಗೋ ದಾರಿ ಕೇಳುವಷ್ಟೂ ಚೀನೀ ಭಾಷೆ ಬಾರದು. ದಕ್ಷಿಣ ಚೀನಾದ ಒಂದು ಪಟ್ಟಣದಲ್ಲಿ ಕೆರಳಿದ ಜನಸ್ತೋಮ ಅವನ ಮೇಲೆ ಕಲ್ಲು ಬೀರತೊಡಗಿತು. ಆಗ ಅವನನ್ನು ಉಳಿಸಿದವನು ಅಲ್ಲಿಯ ಚೀನೀ ಅಧಿಕಾರಿ. ಹೊರಗೆ ತನ್ನ ಊರಿನ ಜನರೇ ಕೂಗಾಡುತ್ತಿರಲು, ಅವನು ಈ ಅಪರಿಚಿತನನ್ನು ತನ್ನ ಕಚೇರಿಯೊಳಗೆ ಇರಿಸಿಕೊಂಡು, ಬಳಿಕ ಕಾವಲಿನೊಡನೆ ದೋಣಿಯಲ್ಲಿ ನದಿಯ ಮಾರ್ಗವಾಗಿ ಸಾಗಿಸಿದನು. ಮನೆಯಲ್ಲಿದ್ದುದನ್ನು ಅತಿಥಿಗೆ ಬಡಿಸುವುದು ಒಂದು ಬಗೆಯ ಔದಾರ್ಯ. ತನ್ನವರ ಕೋಪಕ್ಕೆ ಎದುರಾಗಿ ಪರಕೀಯನನ್ನು ಕಾಪಾಡುವುದು ಅದಕ್ಕಿಂತ ಕಠಿನವಾದುದು.

ಚೀನಾದಿಂದ ಜಪಾನಿಗೆ ಬಂದು, 1886ರ ಡಿಸೆಂಬರ್ 17ರಂದು ಯೊಕೊಹಾಮದಲ್ಲಿ ಸ್ಟೀವನ್ಸನು ತನ್ನ ಸವಾರಿಯನ್ನು ಮುಗಿಸಿದನು. ಹಡಗಿನ ಮತ್ತು ರೈಲಿನ ಪ್ರಯಾಣವನ್ನು ಬಿಟ್ಟು ಅವನು ಬೈಸಿಕಲ್ಲಿನಿಂದ ಕ್ರಮಿಸಿದ ದೂರ ಅವನ ಲೆಕ್ಕದಂತೆ ಸುಮಾರು 13,500 ಮೈಲಿ. 1887ರ ಜನವರಿಯಲ್ಲಿ ಅವನು ಸ್ಯಾನ್‌ಫ್ರಾನ್ಸಿಸ್ಕೋಗೆ ಮರಳಿದನು. ಅವನ ಪ್ರವಾಸಕಥನವು ಎರಡು ದೊಡ್ಡ ಸಂಪುಟಗಳಾಗಿ ಪ್ರಕಟವಾಯಿತು. ಮುಂದೆ ಪತ್ರಿಕೆಯ ಪರವಾಗಿ ಪೂರ್ವ ಆಫ್ರಿಕಕ್ಕೆ ಹೋದನು. ರಷ್ಯಾ ದೇಶದಲ್ಲಿ ಕುದುರೆಯ ಮೇಲೆ ಸಂಚರಿಸಿದನು. ಅನಂತರ ಲಂಡನ್ನಿನ ನಾಟಕಶಾಲೆಯೊಂದರ ವ್ಯವಸ್ಥಾಪಕನಾದನು. 1935ರ ಜನವರಿ 24ರಂದು ತನ್ನ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು.

ಸ್ಟೀವನ್ಸನ ಧೈರ್ಯವೂ ಛಲವೂ ಮೆಚ್ಚತಕ್ಕವು. ಆದರೆ ಅವನ ಬರಹದಲ್ಲಿ ಒಂದು ಕುಂದೂ ಉಂಟು. ತನಗೆ ಅನ್ನವಿಕ್ಕಿದ ಏಷ್ಯಾದ ಜನರನ್ನು ಅವನು ಎಷ್ಟೋ ಕಡೆ ತನಗಿಂತ ಕೀಳೆಂಬಂತೆ ಬಣ್ಣಿಸಿ ನಗೆಯಾಡಿದ್ದಾನೆ. ಆ ಕಾಲದ ಪಾಶ್ಚಾತ್ಯರಲ್ಲಿ ಸಾಮಾನ್ಯವಾಗಿದ್ದ ದರ್ಪ ಅವನಲ್ಲಿಯೂ ಇತ್ತು. ವಿಚಾರಮಾಡಿ ನೋಡಿದರೆ, ಆ ಹಳ್ಳಿಗರು ಅವನನ್ನು ಪರಿಚಯವಿಲ್ಲದೆಯೇ ನಂಬಿದರು. ಅವನು ಅವರ ಅನ್ನವನ್ನುಂಡೂ ಅವರನ್ನು ಪೂರ್ಣವಾಗಿ ಅರಿಯಲಿಲ್ಲ. ಪಿಸ್ತೂಲು ಅವನಿಗೆ ಒಂದು ತುತ್ತು ರೊಟ್ಟಿಯನ್ನೂ ಸಂಪಾದಿಸಿಕೊಡಲಿಲ್ಲ. ಅವನನ್ನು ಊರಿನಿಂದ ಊರಿಗೆ ದಾಟಿಸಿದವರು ಆ ಜನರೇ.

ಅವನ ಪ್ರಸಿದ್ಧ ಬೈಸಿಕಲ್ಲನ್ನು ತಯಾರಕರು ಬಹುಕಾಲ ಕಾಪಾಡಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದೂ ಹಳೆಯ ಕಬ್ಬಿಣದೊಡನೆ ಕರಗಿಹೋಯಿತು. ಅವನಿಗೆ ಬಾಗಿಲು ತೆರೆದವರಲ್ಲಿ ಹೆಚ್ಚಿನವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ವಿದ್ಯಾರ್ಥಿಮಿತ್ರರೇ, ನಮ್ಮ ಈ ದೊಡ್ಡ ನಗರಕ್ಕೆ ದಿನವೂ ಸಾವಿರಾರು ಜನ ಹೊಸಬರು ಬಂದಿಳಿಯುತ್ತಾರೆ. ಇಲ್ಲಿಯ ಭಾಷೆಯನ್ನರಿಯದೆ, ವಿಳಾಸದ ಚೀಟಿಯನ್ನು ಹಿಡಿದುಕೊಂಡು ಬೀದಿಯ ತಿರುವಿನಲ್ಲಿ ನಿಂತವರನ್ನು ನಾವೆಲ್ಲರೂ ನೋಡಿದ್ದೇವೆ. ನಮ್ಮಲ್ಲಿ ಅನೇಕರ ತಂದೆತಾಯಿಗಳೋ ಅಜ್ಜ ಅಜ್ಜಿಯರೋ ಒಂದು ಕಾಲದಲ್ಲಿ ಹಾಗೆಯೇ ನಿಂತಿದ್ದವರು. ಅಂಥವರು ಎದುರಾದಾಗ ಶಾಲೆಗೆ ಹೊತ್ತಾಯಿತೆಂದು ಮುಖ ತಿರುಗಿಸದೆ, ನಾಲ್ಕು ಹೆಜ್ಜೆ ಜೊತೆಗೆ ನಡೆದು ದಾರಿ ತೋರಿಸೋಣ.