ಊರು ಹೊರಗಟ್ಟಿದ ಜೀವಕ್ಕೆ ನೆರಳು ಕಟ್ಟಿದವರು

ಶೈಖ್ ಅಹ್ಮದ್ ಕಬೀರ್ ರಿಫಾಈ(ರಹ್)ಯವರ ಹೆಸರು ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಿಗೆ ಹೊಸತಲ್ಲ. ರಿಫಾಈ ರಾತೀಬ್‌ನ ದಫ್‌ನ ಸದ್ದಿನೊಂದಿಗೆ ಆ ಹೆಸರು ಎಷ್ಟೋ ಮಂದಿಯ ಕಿವಿಗೆ ಬಾಲ್ಯದಲ್ಲೇ ಬಿದ್ದಿದೆ. ಆದರೆ ಆ ಹೆಸರಿನೊಂದಿಗೆ ಜನರ ನೆನಪಿಗೆ ಬರುವುದು ಬೆಂಕಿ, ಕತ್ತಿ, ಹಾವುಗಳ ಕಥೆಗಳು. ಇವೆಲ್ಲ ಶೈಖರಿಗಾಗಲಿ ಅವರ ಸಜ್ಜನ ಸಂಗಾತಿಗಳಿಗಾಗಲಿ ತಿಳಿದಿರದ, ಅವರ ನಂತರದ ಕಾಲದಲ್ಲಿ ಸೇರಿಕೊಂಡ ಸಂಗತಿಗಳೆಂದು ಚರಿತ್ರೆಕಾರ ಇಮಾಮ್ ಝಹಬೀ(ರಹ್) ಬರೆದಿದ್ದಾರೆ.

ಹಾಗಾದರೆ ಅವರ ಬದುಕಿನಲ್ಲಿ ಇದ್ದುದೇನು? ಹಳೆಯ ಚರಿತ್ರೆಯ ಗ್ರಂಥಗಳನ್ನು ತೆರೆದರೆ ಕಾಣುವುದು ತೋಳಿನ ಮೇಲೆ ಮಲಗಿದ ಒಂದು ಬೆಕ್ಕು, ಮೈಯೆಲ್ಲ ಹುಣ್ಣಾದ ಒಂದು ನಾಯಿ, ತಲೆಯ ಮೇಲೊಂದು ಸೌದೆಯ ಹೊರೆ, ಕುಷ್ಠರೋಗಿಗಳ ಕೊಳೆಬಟ್ಟೆ. ಮನುಷ್ಯರು ಅಸಹ್ಯಪಟ್ಟು ದೂರವಿಟ್ಟ ಜೀವಗಳ ಬಳಿಗೆ ನಡೆದುಹೋಗುವುದೇ ಅವರ ಬದುಕಿನ ದಾರಿಯಾಗಿತ್ತು.

ತಬ್ಬಲಿ ಬಾಲಕ

ಇರಾಕ್‌ನ ದಕ್ಷಿಣಕ್ಕೆ ವಾಸಿತ್ ಮತ್ತು ಬಸ್ರಾ ಪಟ್ಟಣಗಳ ನಡುವೆ ಬತಾಇಹ್ ಎಂಬ ವಿಶಾಲವಾದ ಜೌಗು ಪ್ರದೇಶವಿತ್ತು. ನೀರು, ಜೊಂಡು, ಸೊಳ್ಳೆ ಮತ್ತು ಬಡತನ ಅಲ್ಲಿನ ನಿತ್ಯ ಸಂಗಾತಿಗಳು. ಅಲ್ಲಿನ ಹಳ್ಳಿಯೊಂದರಲ್ಲಿ ಹಿ. 512ರಲ್ಲಿ, ಅಂದರೆ ಕ್ರಿ.ಶ. 1118ರಲ್ಲಿ ಅಹ್ಮದ್ ಜನಿಸಿದರೆಂಬುದು ಪ್ರಚಲಿತ ಅಭಿಪ್ರಾಯ. ಅವರಿಗೆ ಏಳು ವರ್ಷವಾಗಿದ್ದಾಗ ತಂದೆ ಬಗ್ದಾದ್‌ನಲ್ಲಿ ತೀರಿಕೊಂಡರು. ತಾಯಿಯ ಸಹೋದರ ಶೈಖ್ ಮನ್ಸೂರ್ ಬತಾಇಹೀ(ರಹ್) ಈ ತಬ್ಬಲಿಯನ್ನು ತಮ್ಮ ಮನೆಯಲ್ಲಿಟ್ಟು ಬೆಳೆಸಿದರು. ವಾಸಿತ್‌ನಲ್ಲಿ ಶೈಖ್ ಅಲಿ ವಾಸಿತೀ(ರಹ್)ಯವರ ಬಳಿ ಅಹ್ಮದ್ ವಿದ್ಯೆ ಕಲಿತರು. ಶಾಫಿಈ ಕರ್ಮಶಾಸ್ತ್ರದಲ್ಲಿ ಪಳಗಿ ಊರಿಗೆ ಮರಳಿದರು.

ಹಿ. 540ರಲ್ಲಿ ಸೋದರಮಾವ ನಿಧನ ಹೊಂದಿದಾಗ ಅವರ ಶಿಷ್ಯರ ಹೊಣೆ ಅಹ್ಮದ್‌ರ ಹೆಗಲೇರಿತು. ಉಮ್ಮು ಅಬೀದಾ ಎಂಬ ಹಳ್ಳಿ ಅವರ ನೆಲೆಯಾಯಿತು. ಬಗ್ದಾದ್‌ನಲ್ಲಿ ಶೈಖ್ ಅಬ್ದುಲ್ ಕಾದಿರ್ ಜೀಲಾನೀ(ರಹ್) ಉಪದೇಶ ನೀಡುತ್ತಿದ್ದ ಕಾಲವದು. ಜೌಗಿನ ನಡುವಿನ ಈ ಹಳ್ಳಿಗೂ ದೂರದೂರುಗಳಿಂದ ಜನ ಬರತೊಡಗಿದರು. ಬಹಳ ಕಾಲ ಕಳೆದು 1327ರಲ್ಲಿ ಪ್ರವಾಸಿ ಇಬ್ನ್ ಬತೂತಾ ಅಲ್ಲಿಗೆ ಬಂದಾಗಲೂ ಅವರ ಮಝಾರ್‌ನ ಬಳಿಯ ಆಶ್ರಮದಲ್ಲಿ ಸಾವಿರಾರು ಫಕೀರರಿದ್ದರು.

ಸೌದೆಯ ಹೊರೆ

ಇಷ್ಟೊಂದು ಜನ ತಮ್ಮ ಕೈ ಮುತ್ತಿಡಲು ಬರುತ್ತಿದ್ದಾಗ ಶೈಖರು ಆ ಕೈಯಿಂದ ಏನು ಮಾಡುತ್ತಿದ್ದರು? ಇಮಾಮ್ ಶಅರಾನೀ(ರಹ್) ತಮ್ಮ ಗ್ರಂಥದಲ್ಲಿ ಅದರ ಚಿತ್ರಣ ನೀಡಿದ್ದಾರೆ. ಕುಷ್ಠರೋಗಿಗಳ ಮತ್ತು ಗುಣವಾಗದ ಕಾಯಿಲೆಯಿಂದ ಹಾಸಿಗೆ ಹಿಡಿದವರ ಬಳಿಗೆ ಅವರು ಹೋಗುತ್ತಿದ್ದರು. ಅವರ ಬಟ್ಟೆ ಒಗೆಯುತ್ತಿದ್ದರು, ತಲೆ ಗಡ್ಡಗಳ ಹೇನು ತೆಗೆಯುತ್ತಿದ್ದರು, ಊಟ ಒಯ್ದು ಅವರ ಜೊತೆಗೇ ಕುಳಿತು ಉಣ್ಣುತ್ತಿದ್ದರು. ಕೊನೆಗೆ ತಮಗಾಗಿ ದುಆ ಮಾಡುವಂತೆ ಅವರನ್ನೇ ಕೇಳಿಕೊಳ್ಳುತ್ತಿದ್ದರು. ಇಂಥವರನ್ನು ನೋಡಲು ಹೋಗುವುದು ಬರೀ ಪುಣ್ಯದ ಕೆಲಸವಲ್ಲ, ಕಡ್ಡಾಯವೆಂದೇ ಅವರು ಭಾವಿಸಿದ್ದರು. ಕುರುಡರಿಗಾಗಿ ದಾರಿಯಲ್ಲಿ ಕಾದು ನಿಂತು, ಕೈಹಿಡಿದು ನಡೆಸುತ್ತಿದ್ದರು.

ಪ್ರಯಾಣದಿಂದ ಮರಳುವಾಗ ಊರು ಹತ್ತಿರವಾಗುತ್ತಿದ್ದಂತೆ ಸೊಂಟ ಬಿಗಿದು, ಇಟ್ಟುಕೊಂಡಿದ್ದ ಹಗ್ಗ ತೆಗೆದು ಸೌದೆ ಆಯ್ದು ಕಟ್ಟುತ್ತಿದ್ದರು. ಗುರುಗಳ ತಲೆಯ ಮೇಲೆ ಹೊರೆ ಕಂಡ ಶಿಷ್ಯರೂ ಹಾಗೆಯೇ ಮಾಡುತ್ತಿದ್ದರು. ಆ ಸೌದೆ ವಿಧವೆಯರ, ವೃದ್ಧರ, ರೋಗಿಗಳ ಅಂಗಳ ಸೇರುತ್ತಿತ್ತು. ಕೈಯಲ್ಲಿ ದೀನಾರಿಲ್ಲದವನಿಗೂ ಸೌದೆ ಹೊರುವ ತಲೆಯಿದೆ ಎಂಬ ಪಾಠ ಅದರಲ್ಲಿತ್ತು.

ತೋಳಿನ ಮೇಲಿನ ಬೆಕ್ಕು

ಒಂದು ದಿನ ಶೈಖರ ಅಂಗಿಯ ಅಗಲವಾದ ತೋಳಿನ ಮೇಲೆ ಬೆಕ್ಕೊಂದು ಮಲಗಿ ನಿದ್ದೆಹೋಯಿತು. ನಮಾಝ್‌ನ ಸಮಯವಾಯಿತು. ಬೆಕ್ಕನ್ನು ಎಬ್ಬಿಸಲು ಅವರಿಗೆ ಮನಸ್ಸಾಗಲಿಲ್ಲ. ಆ ತೋಳಿನ ಬಟ್ಟೆಯನ್ನೇ ಕತ್ತರಿಸಿ ಎದ್ದು ನಮಾಝ್‌ಗೆ ಹೋದರು. ಮರಳಿ ಬಂದಾಗ ಬೆಕ್ಕು ಎದ್ದುಹೋಗಿತ್ತು. ಕತ್ತರಿಸಿದ ಭಾಗವನ್ನು ಅಂಗಿಗೆ ಹೊಲಿದುಕೊಂಡರು, ಏನೂ ಕೆಟ್ಟುಹೋಗಿಲ್ಲವೆಂದು ಸಮಾಧಾನಪಟ್ಟರು. ಈ ಘಟನೆಯನ್ನು ಪ್ರವಾದಿ ಮುಹಮ್ಮದ್(ಸ)ರ ಕುರಿತು ಹೇಳುವವರಿದ್ದಾರೆ, ಆದರೆ ಹದೀಸ್ ಗ್ರಂಥಗಳಲ್ಲಿ ಅದಿಲ್ಲ. ಇಮಾಮ್ ಝಹಬೀಯವರ ಗ್ರಂಥದಲ್ಲಿ ಅದು ಶೈಖ್ ರಿಫಾಈಯವರ ಘಟನೆಯಾಗಿ ದಾಖಲಾಗಿದೆ.

ಆದರೆ ಅಂಗಿ ಕತ್ತರಿಸಿದವರ ಮನಸ್ಸಿಗೆ ಆ ಮೃದುತನ ಬಂದುದು ಪ್ರವಾದಿ(ಸ)ರ ಬೋಧನೆಯಿಂದಲೇ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ನೆಲದ ಹುಳುಹುಪ್ಪಟೆ ತಿಂದು ಬದುಕಲೂ ಬಿಡದೆ ಸಾಯಿಸಿದ ಸ್ತ್ರೀ ನರಕ ಸೇರಿದ ಸಂಗತಿ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಹಝ್ರತ್ ಅಬೂ ಕತಾದಾ(ರ) ವುಝೂ ಮಾಡಲಿದ್ದಾಗ ಬೆಕ್ಕೊಂದು ನೀರಿಗೆ ಬಾಯಿ ಚಾಚಿತು. ಅದು ಕುಡಿಯಲೆಂದು ಅವರು ಪಾತ್ರೆಯನ್ನೇ ಓರೆಮಾಡಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ನಜಸ್ ಅಲ್ಲ, ಅದು ನಿಮ್ಮ ಸುತ್ತಮುತ್ತ ಓಡಾಡಿಕೊಂಡಿರುವ ಜೀವಿಯೆಂದು ಪ್ರವಾದಿ(ಸ) ತಿಳಿಸಿದ್ದನ್ನು ಅವರಿಗೆ ಹೇಳಿದರು. ಮನೆಯೊಳಗೆ ಬಂದು ಹೋಗುವ ಬೆಕ್ಕಿಗೆ ಇಸ್ಲಾಮ್ ಕೊಟ್ಟ ಸ್ಥಾನವಿದು.

ಊರ ಹೊರಗಿನ ಚಪ್ಪರ

ಮಲಗಿದ ಚೆಂದದ ಬೆಕ್ಕಿನ ಮೇಲೆ ಕರುಣೆ ಹುಟ್ಟುವುದು ಸುಲಭ. ಮನಸ್ಸಿಗೆ ನಿಜವಾದ ಪರೀಕ್ಷೆ ಬೇರೆ ಇದೆ. ಉಮ್ಮು ಅಬೀದಾದಲ್ಲಿ ಒಂದು ನಾಯಿಗೆ ಭೀಕರವಾದ ಚರ್ಮರೋಗ ತಗಲಿತು. ಮೈ ಹುಣ್ಣಾಗಿ ನಾರತೊಡಗಿತು. ಜನ ಅಸಹ್ಯಪಟ್ಟು ಅದನ್ನು ಊರಿನಿಂದ ಹೊರಗಟ್ಟಿದರು. ಇದನ್ನು ತಿಳಿದ ಶೈಖರು ಅದರ ಹಿಂದೆಯೇ ಬಯಲಿಗೆ ಹೋದರು. ಬಿಸಿಲು ತಾಗದಂತೆ ಅದಕ್ಕೊಂದು ಚಪ್ಪರ ಕಟ್ಟಿದರು. ಉಣ್ಣಲು, ಕುಡಿಯಲು ಕೊಟ್ಟರು. ಬಟ್ಟೆಯ ತುಂಡಿನಿಂದ ಹುಣ್ಣಿನ ಹೊಪ್ಪಳೆ ಒರೆಸಿ ಎಣ್ಣೆ ಹಚ್ಚಿದರು. ಹೀಗೆ ದಿನಗಳು ಉರುಳಿದವು. ನಲವತ್ತು ದಿನ ಎಂದು ಹೇಳುವವರಿದ್ದಾರೆ. ನಾಯಿ ಗುಣವಾದ ಮೇಲೆ ನೀರು ಕಾಯಿಸಿ ಅದರ ಮೈ ತೊಳೆದರು.

ಒಂದು ನಾಯಿಗಾಗಿ ಇಷ್ಟೆಲ್ಲ ಏಕೆಂದು ಕೇಳಿದವರಿಗೆ ಅವರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟೇ: ನಾಳೆ ಪರಲೋಕದಲ್ಲಿ ಅಲ್ಲಾಹನು ಈ ಜೀವಿಯ ಬಗ್ಗೆ ತಮ್ಮನ್ನು ವಿಚಾರಿಸಬಹುದು, ಅದಕ್ಕೆ ಬಂದ ರೋಗ ತಮಗೂ ಬರಬಹುದಿತ್ತೆಂಬ ಭಯ ಏಕೆ ಹುಟ್ಟಲಿಲ್ಲವೆಂದು ಕೇಳಬಹುದು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಶೈಖರು ಶಾಫಿಈ ಕರ್ಮಶಾಸ್ತ್ರ ಬಲ್ಲ ವಿದ್ವಾಂಸರು. ನಾಯಿಯ ನಜಸ್ ತಾಗಿದರೆ ಏಳು ಸಲ, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಿಂದ ತೊಳೆಯಬೇಕೆಂಬ ವಿಧಿ ಅವರಿಗೆ ತಿಳಿದೇ ಇತ್ತು. ಆದರೂ ಆ ವಿಧಿ ಅವರ ಕರುಣೆಗೆ ಅಡ್ಡಬರಲಿಲ್ಲ. ಶುದ್ಧೀಕರಣದ ನಿಯಮ ಇರುವುದು ನಾವು ತೊಳೆದುಕೊಳ್ಳಲಿ ಎಂದು. ನರಳುವ ಜೀವಿಯನ್ನು ಹಾಗೆಯೇ ಬಿಟ್ಟುಬಿಡಲು ಅದು ನೆಪವಲ್ಲ. ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ಬಾಯಾರಿದ ನಾಯಿಗೆ ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದನೆಂದು ಪ್ರವಾದಿ(ಸ) ಕಲಿಸಿದ್ದಾರಲ್ಲವೇ? ನಾಯಿಯ ವಿಷಯದಲ್ಲೇ ಹೀಗಿದ್ದರೆ, ನಜಸ್ ಅಲ್ಲವೆಂದು ಸಾರಲ್ಪಟ್ಟ ಬೆಕ್ಕಿನ ವಿಷಯದಲ್ಲಿ ನಮಗೆ ಯಾವ ನೆಪ ಉಳಿಯಿತು?

ಮನೆಯೊಳಗಿನ ಕಷ್ಟಗಳು

ಶೈಖರಿಗೆ ಬೇರೆ ಚಿಂತೆಗಳಿರಲಿಲ್ಲ, ಆದ್ದರಿಂದ ನಾಯಿ ಬೆಕ್ಕುಗಳನ್ನು ನೋಡಿಕೊಳ್ಳಲು ಪುರಸೊತ್ತಿತ್ತು ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಅವರ ಮೊದಲ ಪತ್ನಿ ತೀರಿಕೊಂಡರು. ಗಂಡುಮಗು ಸಾಲಿಹ್ ತಂದೆಯ ಕಣ್ಣೆದುರೇ ಅಗಲಿದ. ಶೈಖರಿಗೆ ಸಂತತಿ ಮುಂದುವರಿಯಲಿಲ್ಲವೆಂದು ಇಬ್ನ್ ಖಲ್ಲಿಕಾನ್(ರಹ್) ಬರೆದಿದ್ದಾರೆ. ಅವರ ನಂತರ ಹೊಣೆ ಹೊತ್ತವರು ಸೋದರಿಯ ಮಗ.

ಮನೆಯೂ ಶಾಂತವಾಗಿರಲಿಲ್ಲ. ಪತ್ನಿ ಒಲೆಯ ಕಬ್ಬಿಣದ ಕೋಲಿನಿಂದ ಅವರ ಹೆಗಲಿಗೆ ಹೊಡೆದು ಬಟ್ಟೆ ಮಸಿಯಾದುದನ್ನು ಶಿಷ್ಯರೊಬ್ಬರು ಕಂಡರಂತೆ. ಶೈಖರು ಮೌನವಾಗಿದ್ದರು. ಮಹರ್ 500 ದೀನಾರು, ಅದನ್ನು ತೆರಲು ಅವರ ಬಳಿ ಹಣವಿಲ್ಲ ಎಂದು ತಿಳಿದ ಶಿಷ್ಯರು ಹಣ ಕೂಡಿಸಿ ತಂದು ಮುಂದಿಟ್ಟರು. ತಲಾಕ್ ಕೊಟ್ಟು ಬಿಡುಗಡೆ ಹೊಂದಲಿ ಎಂಬುದು ಅವರ ಉದ್ದೇಶ. ಶೈಖರು ಒಪ್ಪಲಿಲ್ಲ. ಆಕೆಯ ಮಾತು, ಹೊಡೆತಗಳನ್ನು ಸಹಿಸಿಕೊಂಡ ಕಾರಣದಿಂದಲೇ ತಮಗೆ ಅಲ್ಲಾಹನ ಬಳಿ ಏನಾದರೂ ಸ್ಥಾನ ದೊರೆತಿರಬಹುದೆಂದು ಸೂಚಿಸಿದರು.

ಆ ಮಹಿಳೆಯ ಮಾತನ್ನು ಚರಿತ್ರೆಯ ಗ್ರಂಥಗಳು ನಮಗೆ ಕೇಳಿಸುವುದಿಲ್ಲ. ಸದಾ ಅತಿಥಿಗಳು ತುಂಬಿರುವ, ಕೈಗೆ ಬಂದುದೆಲ್ಲ ಬಡವರ ಪಾಲಾಗುವ ಮನೆಯ ಅಡುಗೆಮನೆ ನಡೆಸುವುದು ಸುಲಭದ ಮಾತಲ್ಲ. ಪತಿಯ ಔದಾರ್ಯದ ಭಾರ ಎಷ್ಟೋ ಸಲ ಪತ್ನಿಯ ಬೆನ್ನ ಮೇಲೆ ಬೀಳುತ್ತದೆ. ಶೈಖರು ಆಕೆಯ ಕೋಪವನ್ನು ದ್ವೇಷವೆಂದು ಎಣಿಸದೆ ಸಹಿಸಿದುದರಲ್ಲಿ ಬಹುಶಃ ಆ ಅರಿವೂ ಇತ್ತು. ಹೊರಗಿನ ಪ್ರಾಣಿಯ ಮೇಲೆ ಕರುಣೆ ತೋರಿ ಮನೆಯವರ ಮೇಲೆ ಸಿಡಿಮಿಡಿಗೊಳ್ಳುವ ದಯೆ ಅವರದಾಗಿರಲಿಲ್ಲ.

ಗುಣವಾಗದ ಜೀವಿಯ ಹಕ್ಕು

ಶೈಖರು ಮರಣ ಹೊಂದಿದ ಆಸುಪಾಸಿನಲ್ಲೇ ದಮಾಸ್ಕಸ್‌ನಲ್ಲಿ ಇನ್ನೊಬ್ಬ ಶಾಫಿಈ ವಿದ್ವಾಂಸರು ಜನಿಸಿದರು. ಅವರೇ ಇಮಾಮ್ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್(ರಹ್). ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಅವರು ತಮ್ಮ ಗ್ರಂಥದಲ್ಲಿ ಒಂದೊಂದಾಗಿ ಬರೆದರು. ಪ್ರಾಣಿ ಮುಪ್ಪಾಗಿ ಅಥವಾ ಕಾಯಿಲೆ ಬಿದ್ದು ಅದರಿಂದ ಇನ್ನು ಯಾವ ಉಪಯೋಗವೂ ಇಲ್ಲವೆಂದಾದರೂ ಅದಕ್ಕಾಗಿ ಖರ್ಚು ಮಾಡುವುದು ಅವುಗಳಲ್ಲೊಂದು. ಉಮ್ಮು ಅಬೀದಾದ ಬಯಲಿನಲ್ಲಿ ಶೈಖರು ಕೈಯಾರೆ ಮಾಡಿ ತೋರಿಸಿದ್ದು ಮುಂದಿನ ತಲೆಮಾರಿನಲ್ಲಿ ಕರ್ಮಶಾಸ್ತ್ರದ ಭಾಷೆಯಲ್ಲಿ ಬರಹಕ್ಕಿಳಿಯಿತು.

ಇದು ಇಂದಿನ ನಮ್ಮ ಮನೆಗಳಿಗೂ ಸಂಬಂಧಿಸಿದ ವಿಷಯ. ಬೀದಿಯಿಂದ ಮಕ್ಕಳು ಎತ್ತಿ ತಂದ ಮರಿ ಬೆಳೆದು ದೊಡ್ಡದಾಗುತ್ತದೆ. ಕೆಲವು ವರ್ಷಗಳ ಬಳಿಕ ಅದರ ಮೂತ್ರಪಿಂಡ ಸೋಲತೊಡಗುತ್ತದೆ, ಇಲ್ಲವೇ ಬಾಯಿ ಹುಣ್ಣಾಗಿ ತಿನ್ನಲಾಗದು, ಇಲ್ಲವೇ ಸಕ್ಕರೆ ಕಾಯಿಲೆ ಬರುತ್ತದೆ. ಅದೇ ಹೊತ್ತಿಗೆ ಮನೆಯಲ್ಲಿ ತಂದೆಗೆ ಕೆಲಸವಿರುವುದಿಲ್ಲ, ಅಜ್ಜಿಯ ಔಷಧಿಯ ಸಾಲ ಇರುತ್ತದೆ. ಆಗ ಒಂದು ರಾತ್ರಿ ಬೆಕ್ಕು ಗೋಣಿಚೀಲದಲ್ಲಿ ಮೀನು ಮಾರುಕಟ್ಟೆಗೋ ಮಸೀದಿಯ ಹಿತ್ತಲಿಗೋ ಸೇರುತ್ತದೆ. ಎಲ್ಲಾದರೂ ಬದುಕಿಕೊಳ್ಳಲಿ ಎಂಬ ಸಮಾಧಾನವನ್ನೂ ಹೇಳಿಕೊಳ್ಳಲಾಗುತ್ತದೆ. ಆದರೆ ತಾನಾಗಿ ಹುಡುಕಿ ತಿನ್ನಬಲ್ಲ ಬೆಕ್ಕನ್ನು ಬಿಡುವುದು ಬೇರೆ, ನಡೆಯಲಾರದ್ದನ್ನು ಬಿಡುವುದು ಬೇರೆ. ಎರಡನೆಯದು ಬಿಡುಗಡೆಯಲ್ಲ, ಹಗ್ಗವಿಲ್ಲದೆ ಕಟ್ಟಿಹಾಕಿದಂತೆಯೇ.

ಮನೆಮಂದಿಯ ಊಟ, ಔಷಧಿ ಮೊದಲು ಎಂಬುದರಲ್ಲಿ ಸಂದೇಹವಿಲ್ಲ. ದುಬಾರಿ ಚಿಕಿತ್ಸೆ ಎಲ್ಲರಿಗೂ ಸಾಧ್ಯವಿಲ್ಲ, ಶಕ್ತಿಮೀರಿದ ಹೊರೆಯನ್ನು ಅಲ್ಲಾಹನು ಯಾರ ಮೇಲೂ ಹೊರಿಸುವುದಿಲ್ಲ. ಆದರೆ ಶೈಖರು ಆ ನಾಯಿಗೆ ಕೊಟ್ಟುದೇನು? ಒಂದಿಷ್ಟು ನೆರಳು, ನೀರು, ಅನ್ನ, ಎಣ್ಣೆ, ಹಳೆಯ ಬಟ್ಟೆಯ ತುಂಡು ಮತ್ತು ತಮ್ಮ ಸಮಯ. ಇವುಗಳಲ್ಲಿ ಬಡ ಮನೆಯಲ್ಲಿ ಸಿಗದ ವಸ್ತು ಯಾವುದು? ಒಣಗಿದ ಒಂದು ಮೂಲೆ, ಸದಾ ತುಂಬಿದ ನೀರಿನ ಬಟ್ಟಲು, ಮುಳ್ಳು ತೆಗೆದು ಮೆತ್ತಗೆ ಬೇಯಿಸಿದ ಮೀನು, ಸರಕಾರಿ ಪಶು ಆಸ್ಪತ್ರೆಯ ವೈದ್ಯರ ಸಲಹೆ, ಇಷ್ಟರಿಂದಲೇ ನೋವು ಎಷ್ಟೋ ಕಡಿಮೆಯಾಗುತ್ತದೆ. ಮನುಷ್ಯರ ಮಾತ್ರೆಗಳನ್ನು ಮಾತ್ರ ತೋಚಿದಂತೆ ಕೊಡಬಾರದು. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ ವಿಷ. ಈ ಶುಶ್ರೂಷೆಯ ಕೆಲಸವನ್ನು ತಾಯಿ ಒಬ್ಬರ ಮೇಲೆಯೇ ಹೊರಿಸದೆ ಮಕ್ಕಳು, ತಂದೆ ಹಂಚಿಕೊಳ್ಳಬೇಕು.

ಕೊನೆಯ ದಿನಗಳು

ಹಿ. 578ರಲ್ಲಿ ಶೈಖರೇ ಹಾಸಿಗೆ ಹಿಡಿದರು. ಹೊಟ್ಟೆಯ ಕಾಯಿಲೆ ಸುಮಾರು ಒಂದು ತಿಂಗಳು ಅವರನ್ನು ಹಿಂಡಿತು. ಜೀವಮಾನವಿಡೀ ಇತರರ ಹುಣ್ಣು ಒರೆಸಿದವರು ಈಗ ಇತರರ ಕೈಯ ಆರೈಕೆಯಲ್ಲಿದ್ದರು. ಆ ವರ್ಷದ ಜುಮಾದುಲ್ ಅವ್ವಲ್ ತಿಂಗಳಲ್ಲಿ, ಕ್ರಿ.ಶ. 1182ರ ಸೆಪ್ಟೆಂಬರ್‌ನಲ್ಲಿ, ಉಮ್ಮು ಅಬೀದಾದಲ್ಲೇ ಅವರು ತಮ್ಮ ಪ್ರಭುವಿನೆಡೆಗೆ ಮರಳಿದರು. ಅಲ್ಲಿಯೇ ಅವರನ್ನು ದಫನ ಮಾಡಲಾಯಿತು.

ಆರೋಗ್ಯ ಯಾರ ಸ್ವತ್ತೂ ಅಲ್ಲ. ಇಂದು ಹಿತ್ತಲಿನ ಮೂಲೆಯಲ್ಲಿ ಉಸಿರಾಡಲು ಕಷ್ಟಪಡುತ್ತಿರುವ ಬೆಕ್ಕಿಗೂ ನಮಗೂ ನಡುವೆ ಇರುವುದು ಅಲ್ಲಾಹನ ಕೃಪೆಯ ತೆಳ್ಳನೆಯ ಪರದೆ ಮಾತ್ರ. ಆ ಬೆಕ್ಕು ಗುಣವಾಗದೇ ಇರಬಹುದು, ನಮಗೆ ಏನನ್ನೂ ಮರಳಿ ಕೊಡದಿರಬಹುದು. ಆದರೆ ಒಂದು ಬಟ್ಟಲು ನೀರಿನ ಲೆಕ್ಕವನ್ನೂ ಮರೆಯದವನು ಮೇಲಿದ್ದಾನೆ. ಆ ಬಟ್ಟಲು ನಮ್ಮ ಮನೆಯ ಮೂಲೆಯಲ್ಲಿ ಇಂದು ತುಂಬಿದೆಯೇ ಎಂದು ಪ್ರತಿಯೊಬ್ಬರೂ ನೋಡಿಕೊಳ್ಳೋಣ.