ತುಕ್ಕು ಹಿಡಿಯದ ಕಾಯಕ: ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯ

ಚಿಕ್ಕಬಳ್ಳಾಪುರ: ಪ್ರತಿ ವರ್ಷ ಸೆಪ್ಟೆಂಬರ್ 15ರಂದು ನಾಡಿನಾದ್ಯಂತ ಎಂಜಿನಿಯರುಗಳ ದಿನ ಆಚರಿಸಲಾಗುತ್ತದೆ. ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಭಾಷಣಗಳಾಗುತ್ತವೆ. ಕನ್ನಂಬಾಡಿ ಕಟ್ಟೆಯ ಶಿಲ್ಪಿ ಎಂಬ ಬಣ್ಣನೆ ಎಲ್ಲರ ಬಾಯಲ್ಲೂ ಬರುತ್ತದೆ. ಆದರೆ ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನಲ್ಲಿ ಕಟ್ಟುವುದಕ್ಕೆ ಇದ್ದಷ್ಟೇ ಮಹತ್ವ, ಕಟ್ಟಿದ್ದು ಕೆಡದಂತೆ ನಡೆಸಿಕೊಂಡು ಹೋಗುವುದಕ್ಕೂ ಇತ್ತು ಎಂಬುದನ್ನು ನೆನೆಯುವವರು ವಿರಳ.

ಬಯಲುಸೀಮೆಯ ಬಾಲಕ

ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಶ್ರೀನಿವಾಸ ಶಾಸ್ತ್ರಿ ಹಾಗೂ ವೆಂಕಟಲಕ್ಷ್ಮಮ್ಮ ದಂಪತಿಯ ಮಗನಾಗಿ ಅವರು ಜನಿಸಿದರು. ನಂದಿಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಯಂತಹ ನದಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ನೀರು ಈ ನೆಲಕ್ಕಿಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಯ ಬೇಸಾಯ ತಲೆಮಾರುಗಳಿಂದ ನಂಬಿದ್ದು ಕೆರೆಗಳನ್ನೇ. ಏರಿ, ತೂಬು, ಕೋಡಿ ಈ ಮೂರರಲ್ಲಿ ಒಂದು ಕೆಟ್ಟರೂ ಊರಿನ ಬೆಳೆ ಕೈತಪ್ಪುತ್ತಿತ್ತು. ಅಂತಹ ನಾಡಿನಿಂದ ಬಂದ ಹುಡುಗ ನೀರಿನ ಎಂಜಿನಿಯರನಾದ.

ಚಿಕ್ಕಬಳ್ಳಾಪುರದಲ್ಲಿ ಆರಂಭದ ವಿದ್ಯಾಭ್ಯಾಸ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ 1881ರಲ್ಲಿ ಬಿ.ಎ. ಪದವಿ, ಬಳಿಕ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾಗಿ ಸೇರಿದರು. ಸಿಂಧ್ ಪ್ರಾಂತದ ಸಕ್ಕರ್ ನಗರದಲ್ಲಿ ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳು ಸೋಸಿಕೊಟ್ಟ ನೀರನ್ನೇ ಪಟ್ಟಣಕ್ಕೆ ಒದಗಿಸಿದರು. ದುಬಾರಿ ಯಂತ್ರ ಮಾಡಬೇಕಾದ ಕೆಲಸವನ್ನು ಪ್ರಕೃತಿಯಿಂದಲೇ ಮಾಡಿಸಿಕೊಂಡರೆ ರಿಪೇರಿಯ ಹೊರೆಯೂ ಇಳಿಯುತ್ತದೆ.

ತಾನೇ ತೆರೆದುಕೊಳ್ಳುವ ಬಾಗಿಲು

ಅವರಿಗೆ ಹೆಸರು ತಂದ ಸ್ವಯಂಚಾಲಿತ ಗೇಟುಗಳು ಮೊದಲು ಸ್ಥಾಪನೆಯಾದದ್ದು 1903ರಲ್ಲಿ, ಪುಣೆ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ. ಅಣೆಕಟ್ಟೆಯನ್ನು ಎತ್ತರಿಸದೆ, ಕೋಡಿಯ ಮೇಲೆ ಕಬ್ಬಿಣದ ಬಾಗಿಲುಗಳನ್ನು ಅಳವಡಿಸಿ ಹೆಚ್ಚು ನೀರು ನಿಲ್ಲಿಸುವುದು ಅವರ ಯೋಜನೆಯಾಗಿತ್ತು. ಬಾಗಿಲುಗಳನ್ನು ಎದುರು ತೂಕಗಳಿಂದ ಸಮತೋಲನದಲ್ಲಿ ಇರಿಸಲಾಗುತ್ತದೆ. ನೀರು ನಿಗದಿತ ಮಟ್ಟವನ್ನು ಮೀರಿದಾಗ ಆ ಸಮತೋಲನ ಬದಲಾಗಿ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಪ್ರವಾಹ ಇಳಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ಮಳೆ ಸುರಿದರೂ ಕಾವಲುಗಾರನ ಎಚ್ಚರವನ್ನೇ ನಂಬಬೇಕಾಗಿಲ್ಲ. ಮುಂದೆ ಗ್ವಾಲಿಯರಿನ ಟಿಗ್ರಾ ಅಣೆಕಟ್ಟೆ ಹಾಗೂ ಕೃಷ್ಣರಾಜಸಾಗರಗಳಲ್ಲಿಯೂ ಇದೇ ತತ್ತ್ವ ಬಳಕೆಗೆ ಬಂತು.

ಆದರೆ ಇಂತಹ ಸಾಧನ ಕೆಲಸ ಮಾಡಬೇಕಾದರೆ ಕೀಲು, ರಾಟೆ, ಸರಪಳಿಗಳು ಸಲೀಸಾಗಿ ತಿರುಗುತ್ತಿರಬೇಕು. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಒಟ್ಟಿಗೆ ತಗುಲಿದರೆ ತುಕ್ಕು ಖಚಿತ. ಸದಾ ಮುಳುಗಿರುವ ಭಾಗಕ್ಕಿಂತ ಒಮ್ಮೆ ನೆನೆದು ಒಮ್ಮೆ ಒಣಗುವ ನೀರಿನ ಅಂಚಿನಲ್ಲಿ ಸವೆತ ಹೆಚ್ಚು. ಹಳೆಯ ತುಕ್ಕನ್ನು ಸಂಪೂರ್ಣ ಕೆರೆದು ತೆಗೆದು, ಕೆಂಪು ಸೀಸದ ಲೇಪ ಕೊಟ್ಟು, ಅದರ ಮೇಲೆ ಬಣ್ಣ ಬಳಿಯುವುದು, ಕೀಲುಗಳಿಗೆ ಕಾಲಕಾಲಕ್ಕೆ ಗ್ರೀಸ್ ಹಚ್ಚುವುದು ಆ ಕಾಲದ ಕ್ರಮವಾಗಿತ್ತು. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ನೋಟಕ್ಕೆ ಹೊಸದು, ಒಳಗೆ ಕೊಳೆತ ಕಬ್ಬಿಣ.

ಭದ್ರಾವತಿಯ ಪರೀಕ್ಷೆ

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಅವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಅವರ ಕಾಲದಲ್ಲಿ ರೂಪುಗೊಂಡ ಭದ್ರಾವತಿಯ ಕಾರ್ಖಾನೆಯ ಮೂಲ ಹೆಸರಿನಲ್ಲಿಯೇ ಕಟ್ಟಿಗೆಯ ಬಟ್ಟಿ ಇಳಿಸುವಿಕೆಯೂ ಕಬ್ಬಿಣವೂ ಜೊತೆಯಾಗಿದ್ದವು. ಮಲೆನಾಡಿನ ಕಟ್ಟಿಗೆಯನ್ನು ಗಾಳಿಯಾಡದ ಕುಲುಮೆಗಳಲ್ಲಿ ಕಾಯಿಸಿ ಇದ್ದಿಲು ಪಡೆಯುವುದು, ಆ ಇದ್ದಿಲಿನಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುವುದು, ಹೊರಬರುವ ಆವಿಯನ್ನು ತಣಿಸಿ ಕಟ್ಟಿಗೆ ಮದ್ಯಸಾರ, ಟಾರು ಮುಂತಾದ ಉಪೋತ್ಪನ್ನ ಪಡೆಯುವುದು ಯೋಜನೆಯಾಗಿತ್ತು. ಈ ಮದ್ಯಸಾರ ಕುಡಿಯುವಂಥದ್ದಲ್ಲ, ವಿಷ. ಕೈಗಾರಿಕೆಗೆ ಮಾತ್ರ ಉಪಯುಕ್ತ. ಆವಿಯ ಜೊತೆ ಬರುವ ಹುಳಿ ಕಬ್ಬಿಣವನ್ನು ತಿಂದುಹಾಕುವುದರಿಂದ ಇಂತಹ ಕಾರ್ಖಾನೆಗಳಲ್ಲಿ ಬಟ್ಟಿಯ ಪಾತ್ರೆಗಳಿಗೂ ತಣಿಸುವ ಕೊಳವೆಗಳಿಗೂ ತಾಮ್ರ ಬಳಸುವುದು ವಾಡಿಕೆಯಾಗಿತ್ತು.

1923ರ ಜನವರಿಯಲ್ಲಿ ಉತ್ಪಾದನೆ ಆರಂಭವಾಯಿತು. ಅದೇ ವರ್ಷ ಜರ್ಮನಿಯಲ್ಲಿ ಕೃತಕ ಮೆಥನಾಲ್ ತಯಾರಿಕೆ ಮೊದಲಾಗಿ, ಕಟ್ಟಿಗೆ ಮದ್ಯಸಾರದ ಮಾರುಕಟ್ಟೆಗೆ ಕುತ್ತು ಬರತೊಡಗಿತು. ಕಬ್ಬಿಣದ ಬೆಲೆಯೂ ಕುಸಿದಿತ್ತು. ಕಾರ್ಖಾನೆ ನಷ್ಟಕ್ಕೆ ಸಿಲುಕಿದಾಗ ಅಧಿಕಾರದಲ್ಲಿ ಇಲ್ಲದ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡರು. ವೆಚ್ಚಕ್ಕೆ ಕಡಿವಾಣ ಹಾಕಿ, ವಿದೇಶಿ ತಜ್ಞರ ಜಾಗದಲ್ಲಿ ನಾಡಿನ ಎಂಜಿನಿಯರುಗಳನ್ನು ತರಬೇತುಗೊಳಿಸಿ, 1929ರವರೆಗೆ ಆ ಹೊಣೆ ಹೊತ್ತರು. ಯಂತ್ರ ತರಿಸುವುದು ಹಣದ ಮಾತು. ಅದನ್ನು ಸುಸ್ಥಿತಿಯಲ್ಲಿ ಇಡುವುದು ಕಲಿತ ಕೈಗಳ ಮಾತು. ಬೆಂಗಳೂರಿನಲ್ಲಿ 1917ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭಿಸಿದ್ದರ ಹಿಂದೆಯೂ ಇದೇ ದೃಷ್ಟಿ ಇತ್ತು. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಲಕ್ಷ ರೂಪಾಯಿಗೂ ಮೀರಿದ ಹಣವನ್ನು ಅವರು ಕುಶಲಕರ್ಮಿಗಳ ತರಬೇತಿಗೇ ಬಿಟ್ಟುಕೊಟ್ಟರು. ಅದರಿಂದ 1943ರಲ್ಲಿ ಹುಟ್ಟಿದ ಸಂಸ್ಥೆಗೆ ಅವರ ಹೆಸರಿಲ್ಲ, ಜಯಚಾಮರಾಜೇಂದ್ರ ಒಡೆಯರ ಹೆಸರಿದೆ.

ಕೊನೆಯ ವರ್ಷಗಳು

ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮಾ ಬಳಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂಬುದರ ಬಗ್ಗೆ ಸಲಹೆ ನೀಡಲು ಅವರು ಹೋಗಿಬಂದರು. 1955ರಲ್ಲಿ ಭಾರತರತ್ನ ಸಂದಿತು. 1962ರ ಏಪ್ರಿಲ್‌ನಲ್ಲಿ ಶತಾಯುಷಿಯಾಗಿ ಕಣ್ಮುಚ್ಚಿದರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿಯೇ ಅವರ ಸಮಾಧಿ ಇದೆ.

ನಮಗೆ ಉಳಿದ ಪಾಠ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಗೇಟು ವಿಶ್ವೇಶ್ವರಯ್ಯನವರ ವಿನ್ಯಾಸದ್ದಲ್ಲ. 1953ರಲ್ಲಿ ನೀರು ನಿಲ್ಲಿಸತೊಡಗಿದ ಅಣೆಕಟ್ಟೆಯದು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸಿದರೂ ಅಷ್ಟರೊಳಗೆ ಅಪಾರ ನೀರು ನದಿ ಪಾಲಾಗಿತ್ತು. ರೈತರು ಎರಡನೇ ಬೆಳೆಯ ಚಿಂತೆಯಲ್ಲಿ ಬಿದ್ದರು. ಒಂದು ಸರಪಳಿಯ ಬೆಲೆ ಎಷ್ಟೆಂಬುದು ಅಂದು ನಾಡಿಗೆ ತಿಳಿಯಿತು.

ಅವರ ತವರು ಜಿಲ್ಲೆಯ ಕೆರೆಗಳಿಗೆ ಈಗ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯಿಂದ ಸಂಸ್ಕರಿಸಿದ ನೀರನ್ನು ಪಂಪು, ಕೊಳವೆಗಳ ಮೂಲಕ ತರಲಾಗುತ್ತಿದೆ. ಹಿಂದೆ ಮಳೆಯನ್ನಷ್ಟೇ ನಂಬಿದ್ದ ಕೆರೆಗಳು ಇಂದು ಮೋಟಾರು, ವಾಲ್ವು, ಉಕ್ಕಿನ ಕೊಳವೆಗಳನ್ನೂ ನಂಬಿವೆ. ಉದ್ಘಾಟನೆಯ ಕಲ್ಲಿಗೆ ತುಕ್ಕು ಹಿಡಿಯುವುದಿಲ್ಲ, ಕೊಳವೆಗೆ ಹಿಡಿಯುತ್ತದೆ. ಹೊಸ ಕಾಮಗಾರಿಗೆ ಹಣ ಮಂಜೂರಾಗುವಷ್ಟೇ ಸುಲಭವಾಗಿ ಹಳೆಯದರ ಗ್ರೀಸಿಗೂ ಬಣ್ಣಕ್ಕೂ ಹಣ ದೊರೆಯುವಂತಾದರೆ, ಅದೇ ಮುದ್ದೇನಹಳ್ಳಿಯ ಆ ಹಿರಿಯ ಚೇತನಕ್ಕೆ ನಿಜವಾದ ಗೌರವವಾದೀತು.